ಕೊನೆಯ ಐದು ಫ್ರೇಮ್‌ಗೆ ಐವತ್ತು ವಾಟ್

ರಾಯಚೂರಿನಲ್ಲಿ ಏಪ್ರಿಲ್ ತಿಂಗಳ ಬಿಸಿಲು ಸಂಜೆಗೆ ಮುಗಿಯುವುದಿಲ್ಲ. ಹಗಲೆಲ್ಲ ನಲವತ್ತು ಡಿಗ್ರಿ ಮೀರಿದ ಕಾವನ್ನು ಹೀರಿಕೊಂಡ ಆರ್‌ಸಿಸಿ ತಾರಸಿ ಅದನ್ನು ಕೋಣೆಯೊಳಗೆ ಬಿಡತೊಡಗುವುದೇ ಕತ್ತಲಾದ ಮೇಲೆ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಈ ಕಾಟ ಕಡಿಮೆಯಿತ್ತು. ಅವನ್ನು ಕೆಡವಿ ಸ್ಲ್ಯಾಬ್ ಹಾಕಿಸಿದ ಮೇಲೆ ಮಹಡಿಯ ಕೋಣೆ ಮಧ್ಯರಾತ್ರಿಯವರೆಗೂ ಕಾದೇ ಇರುತ್ತದೆ. ಕಾಲೇಜು, ಕೋಚಿಂಗ್, ಅಂಗಡಿ ಕೆಲಸ ಮುಗಿಸಿದ ಹುಡುಗರು ಕಂಪ್ಯೂಟರ್ ಮುಂದೆ ಆಟಕ್ಕೆ ಕೂರುವುದೂ ಅದೇ ಹೊತ್ತಿಗೆ.

ಆಟ ನಡೆಯುವಾಗ ಸಾಧಾರಣ ಗೇಮಿಂಗ್ ಕಂಪ್ಯೂಟರ್ ಒಂದು 300 ವಾಟ್ ಆಸುಪಾಸು ವಿದ್ಯುತ್ ಎಳೆಯುತ್ತದೆ. ಅದರಲ್ಲಿ ಬೆಳಕಾಗಿ, ಸದ್ದಾಗಿ ಹೊರಬರುವುದು ತೀರಾ ಅಲ್ಪ. ಅದೂ ಕೊನೆಗೆ ಶಾಖವಾಗಿಯೇ ಕೋಣೆಯಲ್ಲಿ ಉಳಿಯುತ್ತದೆ. ಸುಮ್ಮನೆ ಕುಳಿತ ಮನುಷ್ಯನ ಮೈ ಹೊರಬಿಡುವ ಶಾಖ ಸುಮಾರು 100 ವಾಟ್. ಅಂದರೆ ಹತ್ತಡಿಗೆ ಹನ್ನೆರಡಡಿಯ ಮುಚ್ಚಿದ ಕೋಣೆಯಲ್ಲಿ ಆಡುವವನ ಜತೆ ಇನ್ನೂ ಮೂವರು ಬಂದು ಕುಳಿತ ಹಾಗೆ.

ಇದಕ್ಕೆ ನಮ್ಮ ಕಡೆ ಹುಡುಕುವ ಪರಿಹಾರಗಳೆಲ್ಲ ಅಂಗಡಿಯಲ್ಲಿ ಸಿಗುವಂಥವು: ಕ್ಯಾಬಿನೆಟ್‌ಗೆ ಇನ್ನೆರಡು ಫ್ಯಾನ್, ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಶಾಖ ದಾಟಿಸುವ ಹೊಸ ಪೇಸ್ಟ್, ಪಕ್ಕದಲ್ಲಿ ಟೇಬಲ್ ಫ್ಯಾನ್. ಫ್ಯಾನ್ ಮಾಡುವುದು ಶಾಖವನ್ನು ಕಾರ್ಡಿನಿಂದ ಕೋಣೆಗೆ ಸಾಗಿಸುವ ಕೆಲಸ ಮಾತ್ರ. ಶಾಖ ಹುಟ್ಟುವುದನ್ನೇ ತಗ್ಗಿಸಬೇಕಿದ್ದರೆ ಕೈ ಹಾಕಬೇಕಾದದ್ದು ಕಾರ್ಡಿನ ಸೆಟ್ಟಿಂಗ್‌ಗೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೂ ಅಲ್ಲಿಗೆ ಹೋಗುವವರು ಕಡಿಮೆ, ಏಕೆಂದರೆ ಕಂಪನಿ ಕೊಟ್ಟ ಸೆಟ್ಟಿಂಗ್ ಅತ್ಯುತ್ತಮವಾದದ್ದು ಎಂಬ ನಂಬಿಕೆ ಗಟ್ಟಿಯಾಗಿದೆ. ಆ ನಂಬಿಕೆ ತಪ್ಪು ಎಂದು ನನ್ನ ವಾದ. ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆಯಲ್ಲಂತೂ ಖಂಡಿತ ತಪ್ಪು.

ಕಂಪನಿಯ ಸೆಟ್ಟಿಂಗ್ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ನೋಡಿ. ಕಾರ್ಡುಗಳೊಳಗಿನ ಒಂದೇ ಮಾದರಿಯ ಲಕ್ಷಾಂತರ ಚಿಪ್‌ಗಳಲ್ಲಿ ಯಾವ ಎರಡೂ ಒಂದೇ ಗುಣದವಲ್ಲ. ಒಂದು ಚಿಪ್ 0.9 ವೋಲ್ಟ್‌ನಲ್ಲಿ ಓಡುವ ವೇಗಕ್ಕೆ ಇನ್ನೊಂದಕ್ಕೆ 1.05 ವೋಲ್ಟ್ ಬೇಕಾಗಬಹುದು. ಪ್ರತಿಯೊಂದನ್ನೂ ಕೂಲಂಕಷವಾಗಿ ಅಳೆದು ಸೆಟ್ಟಿಂಗ್ ಕೊಡುವುದು ಕಂಪನಿಗೆ ಆಗದ ಮಾತು. ಆದ್ದರಿಂದ ಮಾರಾಟಕ್ಕೆ ಪಾಸಾದವುಗಳಲ್ಲಿ ಅತ್ಯಂತ ದುರ್ಬಲವಾದದ್ದೂ ನಿಲ್ಲುವಷ್ಟು ವೋಲ್ಟೇಜನ್ನು ಎಲ್ಲಕ್ಕೂ ಕೊಡುತ್ತಾರೆ. ಇದರ ಮೇಲೆ ಪೈಪೋಟಿಯ ಒತ್ತಡ. ವಿಮರ್ಶೆಗಳ ಪಟ್ಟಿಯಲ್ಲಿ ಎದುರಾಳಿಗಿಂತ ನಾಲ್ಕು ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರ) ಮುಂದಿರಬೇಕು ಎಂಬ ಒಂದೇ ಕಾರಣಕ್ಕೆ ಚಿಪ್ಪನ್ನು ಅದರ ಓಟದ ತುತ್ತತುದಿಗೆ ತಂದು ನಿಲ್ಲಿಸುತ್ತಾರೆ.

ಆ ತುದಿ ದುಬಾರಿ. ಚಿಪ್ ನುಂಗುವ ವಿದ್ಯುತ್ ವೇಗಕ್ಕೆ ನೇರ ಅನುಪಾತದಲ್ಲಿ ಏರುತ್ತದೆ, ಆದರೆ ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1.06 ವೋಲ್ಟ್ ಇದ್ದದ್ದನ್ನು 0.9ಕ್ಕೆ ಇಳಿಸಿ ಅದೇ ವೇಗದಲ್ಲಿ ಓಡಿಸಲು ಸಾಧ್ಯವಾದರೆ ಚಿಪ್ಪಿನ ಬಳಕೆ ಶೇ 28ರಷ್ಟು ಇಳಿಯುತ್ತದೆ. ಕಾರ್ಡಿನ ಮೆಮೊರಿ, ಫ್ಯಾನ್ ಮುಂತಾದವು ಎಂದಿನಷ್ಟೇ ಎಳೆಯುವುದರಿಂದ ಒಟ್ಟು ಉಳಿತಾಯ ಇದಕ್ಕಿಂತ ಸ್ವಲ್ಪ ಕಡಿಮೆ. 450 ವಾಟ್‌ನ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಕಾರ್ಡನ್ನು ಅದರ ಮಿತಿಯ ಶೇ 70ಕ್ಕೆ ಇಳಿಸಿ ನೋಡಿದವರಿಗೆ ಕೈತಪ್ಪಿದ್ದು ಶೇ 5ರ ಆಸುಪಾಸಿನ ವೇಗ. ಆ ಶೇ 5ಕ್ಕಾಗಿ 135 ವಾಟ್ ಸುಡುತ್ತಿತ್ತು ಎಂದಾಯಿತು. ನಮ್ಮೂರಿನಲ್ಲಿ 4090 ಎಷ್ಟು ಜನರ ಬಳಿ ಇದ್ದೀತು ಎಂದು ನೀವು ಕೇಳಬಹುದು. ಲೆಕ್ಕ 170 ವಾಟ್‌ನ ಆರ್‌ಟಿಎಕ್ಸ್ 3060ಕ್ಕೂ ಅದೇ, ಅಂಕಿ ಮಾತ್ರ ಚಿಕ್ಕದು.

ಈಗ ಊರಿನ ಬಿಸಿಲನ್ನು ಈ ಲೆಕ್ಕಕ್ಕೆ ಸೇರಿಸೋಣ. ಕಾರ್ಡಿನ ಉಷ್ಣಾಂಶ ಸುತ್ತಲಿನ ಗಾಳಿಗಿಂತ ಎಷ್ಟು ಮೇಲಿರುತ್ತದೆ ಎಂಬುದು ಫ್ಯಾನ್ ವೇಗ ಬದಲಾಗದಿದ್ದರೆ ಹೆಚ್ಚುಕಡಿಮೆ ವಾಟ್‌ಗೆ ತಕ್ಕ ಹಾಗೆ. 170 ವಾಟ್‌ನಲ್ಲಿ ಅದು ಗಾಳಿಗಿಂತ 45 ಡಿಗ್ರಿ ಮೇಲೆ ನಿಲ್ಲುತ್ತದೆ ಎಂದುಕೊಳ್ಳಿ. 24 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ ಕಾರ್ಡ್ 69 ಡಿಗ್ರಿ ತೋರಿಸುತ್ತದೆ. 38 ಡಿಗ್ರಿಯ ರಾಯಚೂರಿನ ಕೋಣೆಯಲ್ಲಿ 83. ಅದೇ ಕಾರ್ಡನ್ನು 120 ವಾಟ್‌ಗೆ ತಂದರೆ ಏರಿಕೆ 32 ಡಿಗ್ರಿಗೆ ಇಳಿದು ರಾಯಚೂರಿನಲ್ಲೂ 70 ಡಿಗ್ರಿಯಲ್ಲಿ ನಿಲ್ಲುತ್ತದೆ.

83 ಎಂಬ ಅಂಕಿಯನ್ನು ಬೇಕೆಂದೇ ಆರಿಸಿಕೊಂಡೆ. ಎನ್‌ವಿಡಿಯಾದ ಬಹಳಷ್ಟು ಕಾರ್ಡ್‌ಗಳು ಆ ಉಷ್ಣಾಂಶವನ್ನೇ ಗುರಿಯಾಗಿಟ್ಟುಕೊಂಡು, ಅದನ್ನು ಮೀರದಂತೆ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಅಲ್ಲಿಗೆ ಮುಟ್ಟುವ ಮೊದಲೇ, ಕಾವು ಏರುತ್ತ ಹೋದಂತೆ, 15 ಮೆಗಾಹರ್ಟ್ಸ್‌ನಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿರುತ್ತವೆ. ಬಿಸಿಯಾದ ಚಿಪ್ಪಿನಲ್ಲಿ ವಿದ್ಯುತ್ ಸೋರಿಕೆಯೂ ಹೆಚ್ಚು, ಅದು ಮತ್ತಷ್ಟು ಬಿಸಿ ತರುತ್ತದೆ. ವಿಮರ್ಶಕರು ಎಸಿ ಹಾಕಿದ ಕೋಣೆಯಲ್ಲಿ ಅಳೆದ ವೇಗ ಸಿಂಧನೂರಿನ ಮಹಡಿ ಕೋಣೆಯಲ್ಲಿ ಹೇಗೂ ಸಿಗುವುದಿಲ್ಲ. ವೋಲ್ಟೇಜ್ ಇಳಿಸಿದರೆ ವೇಗ ಹೋಗುತ್ತದೆಂದು ಹೆದರುವವರು ಇದನ್ನು ಗಮನಿಸಬೇಕು: ಅವರು ಕಳೆದುಕೊಳ್ಳಲು ಹೆದರುವ ವೇಗದಲ್ಲಿ ಒಂದು ಭಾಗವನ್ನು ಮೇ ತಿಂಗಳು ಆಗಲೇ ತೆಗೆದುಕೊಂಡಿದೆ.

ಸೆಟ್ಟಿಂಗ್‌ಗಳಲ್ಲಿ ಮೊದಲು ಮುಟ್ಟಬೇಕಾದದ್ದು ಫ್ರೇಮ್ ಮಿತಿ. ಅಂಡರ್‌ವೋಲ್ಟಿಂಗ್, ಅಂದರೆ ವೋಲ್ಟೇಜ್ ಇಳಿಸುವುದರ ಬಗ್ಗೆ ಗಂಟೆಗಟ್ಟಲೆ ಮಾತನಾಡುವವರೂ ಇದನ್ನು ಮರೆತಿರುತ್ತಾರೆ. ನಿಮ್ಮ ಮಾನಿಟರ್ 60 ಹರ್ಟ್ಸ್‌ನದಾಗಿದ್ದರೆ ಅದು ಸೆಕೆಂಡಿಗೆ ಅರವತ್ತು ಚಿತ್ರಗಳನ್ನು ಮಾತ್ರ ತೋರಿಸಬಲ್ಲದು. ವ್ಯಾಲೊರಂಟ್‌ನಂಥ ಹಗುರ ಆಟದಲ್ಲಿ ಸಾಮಾನ್ಯ ಕಾರ್ಡೂ ಇನ್ನೂರು ಫ್ರೇಮ್ ತಯಾರಿಸುತ್ತದೆ. ಉಳಿದ ನೂರಾ ನಲವತ್ತು ಏನಾದವು? ಕೋಣೆಗೆ ಶಾಖವಾಗಿ ಹೋದವು. ಸ್ಪರ್ಧೆಯಲ್ಲಿ ಆಡುವವರು ಹೆಚ್ಚುವರಿ ಫ್ರೇಮ್‌ನಿಂದ ಮೌಸ್‌ನ ಸ್ಪಂದನ ಚುರುಕಾಗುತ್ತದೆ ಎನ್ನುತ್ತಾರೆ, ಅದು ನಿಜ. ಅಂಥವರು 120ಕ್ಕೋ 144ಕ್ಕೋ ಮಿತಿ ಹಾಕಿಕೊಳ್ಳಲಿ. ಮಿತಿಯೇ ಇಲ್ಲದೆ ಬಿಡುವುದಕ್ಕೆ ಅದು ಸಮರ್ಥನೆಯಾಗದು.

ಇನ್ನೊಂದು ಸಾಮಾನ್ಯ ಎಡವಟ್ಟು ಇಲ್ಲಿಗೇ ಸಂಬಂಧಿಸಿದ್ದು. ಕಾರ್ಡ್ ಬಿಸಿಯಾಗುತ್ತಿದೆ ಎಂದು ಆಟದ ಗುಣಮಟ್ಟವನ್ನು ಅಲ್ಟ್ರಾದಿಂದ ಮೀಡಿಯಂಗೆ ಇಳಿಸುತ್ತಾರೆ; ಬಿಸಿ ಮಾತ್ರ ಇಳಿಯುವುದಿಲ್ಲ. ಇಳಿಯಬೇಕಾದರೂ ಯಾಕೆ? ಮಿತಿ ಇಲ್ಲದ ಕಾರ್ಡ್ ಉಳಿದ ಶಕ್ತಿಯನ್ನೆಲ್ಲ ಇನ್ನಷ್ಟು ಫ್ರೇಮ್ ತಯಾರಿಸಲು ಬಳಸಿಕೊಂಡು ಮತ್ತೆ ಪೂರ್ತಿ ವಾಟ್‌ಗೆ ಹೋಗಿ ನಿಲ್ಲುತ್ತದೆ. ಮಿತಿ ಹಾಕಿದ ಮೇಲೆಯೇ ನೆರಳಿನ ಗುಣಮಟ್ಟ ತಗ್ಗಿಸಿದ್ದು, ಬೆಳಕಿನ ಚಲನೆಯನ್ನು ಲೆಕ್ಕಹಾಕಿ ಚಿತ್ರಿಸುವ ರೇ ಟ್ರೇಸಿಂಗ್ ತೆಗೆದದ್ದು, ಚಿತ್ರವನ್ನು ಚಿಕ್ಕದಾಗಿ ತಯಾರಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಹಾಕಿದ್ದು ಎಲ್ಲವೂ ವಾಟ್‌ನಲ್ಲಿ ಕಾಣತೊಡಗುತ್ತದೆ. ಪ್ರೊಸೆಸರ್‌ನ ಕೆಲಸವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಅಂಡರ್‌ವೋಲ್ಟಿಂಗ್‌ನಿಂದ ಸಿಗದ ಲಾಭ ಅದು.

ಆಟದ ಮೆನು ಪರದೆಯನ್ನೂ ಮರೆಯಬೇಡಿ. ಅಲ್ಲಿ ಚಿತ್ರಿಸಲು ಏನೂ ಇಲ್ಲದ್ದರಿಂದ ಮಿತಿ ಇಲ್ಲದ ಕಾರ್ಡ್ ಸೆಕೆಂಡಿಗೆ ಸಾವಿರ ಫ್ರೇಮ್ ಕೂಡ ಹೊರಹಾಕಬಲ್ಲದು. 2021ರ ಜುಲೈನಲ್ಲಿ ಅಮೆಜಾನ್‌ನ ನ್ಯೂ ವರ್ಲ್ಡ್ ಆಟದ ಬೀಟಾ (ಪ್ರಯೋಗ) ಆವೃತ್ತಿ ಬಂದಾಗ ಕೆಲವರ ಆರ್‌ಟಿಎಕ್ಸ್ 3090 ಕಾರ್ಡ್‌ಗಳು ಸತ್ತುಹೋದವು. ಮೂಲ ದೋಷ ಆ ಕಾರ್ಡ್‌ಗಳ ಬೆಸುಗೆಯಲ್ಲಿತ್ತೆಂದು ತಯಾರಕರಾದ ಇವಿಜಿಎ ನಂತರ ಹೇಳಿದರು. ಆದರೂ ಅಮೆಜಾನ್ ತನ್ನ ಮೆನುವಿಗೆ ಫ್ರೇಮ್ ಮಿತಿ ಸೇರಿಸಿತು. ಊಟಕ್ಕೆ ಕರೆ ಬಂತೆಂದು ಆಟವನ್ನು ಲಾಬಿಯಲ್ಲಿ ಬಿಟ್ಟು ಹೋಗುವವರ ಕಾರ್ಡ್ ಆ ಅರ್ಧ ಗಂಟೆ ಏನು ಮಾಡುತ್ತಿರುತ್ತದೆ ಎಂಬುದನ್ನು ಒಮ್ಮೆ ಫ್ಯಾನಿನ ಸದ್ದಿನಿಂದ ಊಹಿಸಬಹುದು.

ಮಿತಿ ಹಾಕುವುದು ಕಷ್ಟದ ಕೆಲಸವಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 2020ರಿಂದ ಎಲ್ಲ ಆಟಗಳಿಗೂ ಒಟ್ಟಿಗೇ ಅನ್ವಯಿಸುವ ಗರಿಷ್ಠ ಫ್ರೇಮ್ ಆಯ್ಕೆ ಇದೆ. ಇನ್ನೊಂದು ಕಂಪನಿ ಎಎಂಡಿಯ ಅಡ್ರಿನಲಿನ್ ತಂತ್ರಾಂಶದಲ್ಲಿ ರೇಡಿಯಾನ್ ಚಿಲ್ ಇದೆ. ಅದು ನೀವು ಕೈ ಆಡಿಸದೆ ಸುಮ್ಮನಿದ್ದಾಗ ಫ್ರೇಮ್‌ಗಳನ್ನು ತಾನಾಗಿಯೇ ಇಳಿಸಿ, ಮೌಸ್ ಅಲುಗಿದೊಡನೆ ಏರಿಸುತ್ತದೆ. ಜಿ-ಸಿಂಕ್ ಅಥವಾ ಫ್ರೀಸಿಂಕ್ (ಪರದೆಯ ವೇಗವನ್ನು ಕಾರ್ಡಿನ ಫ್ರೇಮ್‌ಗೆ ಹೊಂದಿಸುವ ಸೌಲಭ್ಯ) ಇರುವ ಮಾನಿಟರ್‌ನವರು ಅದರ ಹರ್ಟ್ಸ್‌ಗಿಂತ ಮೂರು ನಾಲ್ಕು ಕಡಿಮೆ ಇಟ್ಟುಕೊಳ್ಳುವುದು ರೂಢಿ.

ಎರಡನೆಯದು ಪವರ್ ಲಿಮಿಟ್, ಅಂದರೆ ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ. ಎಂಎಸ್‌ಐ ಆಫ್ಟರ್‌ಬರ್ನರ್ ತೆರೆದು ಆ ಜಾರುಪಟ್ಟಿಯನ್ನು 100ರಿಂದ 75 ಅಥವಾ 80ಕ್ಕೆ ಎಳೆಯುವುದು, ಒಪ್ಪಿಗೆಯ ಗುರುತು ಒತ್ತುವುದು, ಅಷ್ಟೇ. ಕಾರ್ಡ್ ಬೇರೆ ಕಂಪನಿಯದಾದರೂ ಈ ತಂತ್ರಾಂಶ ನಡೆಯುತ್ತದೆ. ಲಿನಕ್ಸ್ ಬಳಸುವವರಿಗೆ ಎನ್‌ವಿಡಿಯಾ ಡ್ರೈವರ್ ಜತೆ ಬರುವ ಒಂದು ಸಾಲಿನ ಆಜ್ಞೆಯೇ ಸಾಕು. ಇದರಿಂದ ಆಟ ಕೆಡುವ ಭಯವಿಲ್ಲ, ಚಿಪ್ ತನ್ನದೇ ಪಟ್ಟಿಯ ಪ್ರಕಾರ ಕೆಳಗಿನ ವೇಗ ಮತ್ತು ವೋಲ್ಟೇಜ್‌ಗೆ ಇಳಿಯುತ್ತದೆ. ಮುಂದಿನ ಹೆಜ್ಜೆಯ ಗೊಡವೆ ಬೇಡ ಎನ್ನುವವರು ಇಲ್ಲಿಗೇ ನಿಲ್ಲಿಸಿದರೂ ದೊಡ್ಡ ನಷ್ಟವಿಲ್ಲ. ಆದರೆ ಕೆಲವು ಎಎಂಡಿ ಕಾರ್ಡ್‌ಗಳು ಈ ಮಿತಿಯನ್ನು ಕೆಲವೇ ಶೇಕಡಾ ಇಳಿಸಲು ಬಿಡುತ್ತವೆ. ಅವುಗಳಲ್ಲಿ ವೋಲ್ಟೇಜ್ ದಾರಿಯೇ ಗತಿ.

ಆ ದಾರಿಗೆ ತಾಳ್ಮೆ ಬೇಕು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಕರ್ವ್ ತೆರೆದುಕೊಳ್ಳುತ್ತದೆ: ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ವೇಗ. ನಿಮ್ಮ ಕಾರ್ಡ್ ಭಾರವಾದ ಆಟದಲ್ಲಿ ಸಾಮಾನ್ಯವಾಗಿ ಎಷ್ಟು ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ ಎಂಬುದನ್ನು ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ನಂತರ ಕೋರ್ ವೇಗದ ಪಟ್ಟಿಯನ್ನು ಇನ್ನೂರೈವತ್ತರಷ್ಟು ಕೆಳಗೆ ಎಳೆದು ಇಡೀ ಕರ್ವನ್ನು ತಗ್ಗಿಸಿ, 900 ಮಿಲಿವೋಲ್ಟ್‌ನ ಚುಕ್ಕಿಯೊಂದನ್ನು ಮಾತ್ರ ಬರೆದಿಟ್ಟ ವೇಗದ ಹತ್ತಿರಕ್ಕೆ ಎತ್ತಿ ಒಪ್ಪಿಗೆ ಒತ್ತಿದರೆ ಅದರ ಬಲಕ್ಕಿರುವ ಭಾಗವೆಲ್ಲ ಚಪ್ಪಟೆಯಾಗುತ್ತದೆ. ಇನ್ನು ಮುಂದೆ ಕಾರ್ಡ್ 0.9 ವೋಲ್ಟ್ ದಾಟುವುದಿಲ್ಲ. ಆರ್‌ಟಿಎಕ್ಸ್ 30 ಸರಣಿಯಲ್ಲಿ 0.9 ಆಸುಪಾಸು ಒಳ್ಳೆಯ ಆರಂಭ. ಎಎಂಡಿಯವರಿಗೆ ಅಡ್ರಿನಲಿನ್‌ನಲ್ಲೇ ವೋಲ್ಟೇಜ್ ಪಟ್ಟಿ ಇದೆ, ತಾನಾಗಿ ಅಂಡರ್‌ವೋಲ್ಟ್ ಮಾಡುವ ಗುಂಡಿಯೂ ಇದೆ. ಗುಂಡಿ ಬಹಳ ಸಂಕೋಚದಿಂದ ಇಳಿಸುತ್ತದೆ, ಕೈಯಿಂದ ಮಾಡಿದ್ದೇ ಮೇಲು.

ವೋಲ್ಟೇಜ್ ಕಡಿಮೆ ಮಾಡಿದರೆ ಕಾರ್ಡ್ ಸುಟ್ಟುಹೋಗುತ್ತದೆ ಎಂದು ರಿಪೇರಿ ಅಂಗಡಿಗಳಲ್ಲೂ ಹೇಳುವುದುಂಟು. ಕಾರ್ಡಿಗೆ ಅಪಾಯ ಹೆಚ್ಚು ವೋಲ್ಟೇಜ್‌ನಿಂದ. ಕಡಿಮೆಯಾದರೆ ಆಗುವುದು ಆಟ ಕುಸಿಯುವುದು, ಪರದೆ ಕಪ್ಪಾಗಿ ಡ್ರೈವರ್ ಮತ್ತೆ ಶುರುವಾಗುವುದು, ಇಲ್ಲವೇ ಯಂತ್ರ ಸ್ತಬ್ಧವಾಗುವುದು. ಮತ್ತೆ ಆನ್ ಮಾಡಿದರೆ ಹಳೆಯ ಸೆಟ್ಟಿಂಗ್ ಬಂದಿರುತ್ತದೆ. ವಿಂಡೋಸ್ ಜತೆಗೇ ಅನ್ವಯಿಸು ಎಂಬ ಗುರುತನ್ನು ಅವಸರದಿಂದ ಹಾಕದಿದ್ದರೆ ಸಾಕು. ಒಂದು ಎಚ್ಚರಿಕೆ ಮಾತ್ರ ನಮ್ಮ ಜಿಲ್ಲೆಗಳವರಿಗೇ ವಿಶೇಷವಾಗಿ ಹೇಳಬೇಕಾದದ್ದು: ಬಿಸಿಯಾದ ಚಿಪ್ಪಿಗೆ ಅದೇ ವೇಗಕ್ಕೆ ಸ್ವಲ್ಪ ಹೆಚ್ಚು ವೋಲ್ಟೇಜ್ ಬೇಕಾಗಬಹುದು. ಡಿಸೆಂಬರ್‌ನ ತಂಪಿನಲ್ಲಿ ಅಂಚಿಗೆ ಒಯ್ದು ನಿಲ್ಲಿಸಿದ ಸೆಟ್ಟಿಂಗ್ ಏಪ್ರಿಲ್‌ನಲ್ಲಿ ಕೈಕೊಡುತ್ತದೆ. ಆಗ ಆಟದ ತಪ್ಪೆಂದೋ ಡ್ರೈವರ್ ತಪ್ಪೆಂದೋ ತಿಳಿದು ಎಲ್ಲವನ್ನೂ ಅಳಿಸಿ ಹಾಕುವ ಮೊದಲು ಇಪ್ಪತ್ತೈದು ಮಿಲಿವೋಲ್ಟ್ ಏರಿಸಿ ನೋಡಬೇಕು. ಪರೀಕ್ಷೆಯನ್ನು ಮಧ್ಯಾಹ್ನ ಮೂರರ ಬಿಸಿಯಲ್ಲೇ ಮಾಡುವುದು ಇನ್ನೂ ಜಾಣತನ.

ಫಲಿತಾಂಶವನ್ನು ಅಳೆಯುವಾಗ ಒಂದು ಸೂಕ್ಷ್ಮವಿದೆ. ಎನ್‌ವಿಡಿಯಾ ಕಾರ್ಡ್ ತೋರಿಸುವುದು ಇಡೀ ಕಾರ್ಡಿನ ವಾಟ್. ಆರ್‌ಎಕ್ಸ್ 6000 ಸರಣಿಯಂಥ ಎಎಂಡಿ ಕಾರ್ಡ್‌ಗಳು ತೋರಿಸುವುದು ಇಡೀ ಕಾರ್ಡಿನದಕ್ಕಿಂತ ಕಡಿಮೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ಗೆಳೆಯರೊಡನೆ ಜಗಳವಾಡುವುದು ವ್ಯರ್ಥ.

ಲ್ಯಾಪ್‌ಟಾಪ್‌ನವರ ಪಾಡು ಬೇರೆ, ಕಾಲೇಜು ಹುಡುಗರಲ್ಲಿ ಅವರೇ ಹೆಚ್ಚು. ಅದರಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಒಂದೇ ತಾಮ್ರದ ಕೊಳವೆಗಳನ್ನು ಹಂಚಿಕೊಂಡಿರುತ್ತವೆ, ಆದ್ದರಿಂದ ಒಂದರ ಕಾವು ಇನ್ನೊಂದಕ್ಕೆ ತಗಲುತ್ತದೆ. ಪವರ್ ಲಿಮಿಟ್ ಪಟ್ಟಿಗೆ ಹೆಚ್ಚಿನ ಮಾದರಿಗಳಲ್ಲಿ ಬೀಗ ಹಾಕಿರುತ್ತಾರೆ. ಫ್ರೇಮ್ ಮಿತಿಗೆ ಬೀಗವಿಲ್ಲ. ವಿಂಡೋಸ್‌ನ ವಿದ್ಯುತ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು 99ಕ್ಕೆ ಇಳಿಸಿದರೆ ಟರ್ಬೊ (ಮೂಲ ವೇಗಕ್ಕಿಂತ ಮೇಲಿನ ಓಟ) ನಿಲ್ಲುತ್ತದೆ, ಇಡೀ ಯಂತ್ರ ತಣ್ಣಗಾಗುತ್ತದೆ; ಪ್ರೊಸೆಸರ್ ಮೇಲೆ ಭಾರ ಹಾಕುವ ಆಟಗಳಲ್ಲಿ ವೇಗ ಕಡಿಮೆಯಾಗುವುದೂ ನಿಜ.

ಕ್ಯಾಬಿನೆಟ್‌ನ ಬದಿ ಬಿಚ್ಚಿ ಫ್ಯಾನ್ ಇಡುವ ಪದ್ಧತಿಯ ಬಗ್ಗೆ ಒಂದು ಮಾತು. ಮೊದಲ ವಾರ ಅದು ಕೆಲಸ ಮಾಡುತ್ತದೆ. ಆಮೇಲೆ ದೂಳು. ರಾಯಚೂರಿನಲ್ಲಿ ಹತ್ತಿಯ ಎಳೆ, ಗಂಗಾವತಿ ಮತ್ತು ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳ ಹೊಟ್ಟಿನ ಪುಡಿ, ಗಿಣಿಗೇರಾ ಸುತ್ತ ಕಾರ್ಖಾನೆಗಳ ಕಪ್ಪು ದೂಳು. ಯಾವ ಊರಿನಲ್ಲಿ ಏನು ಬೀಳುತ್ತದೋ ಅದೇ ಕಾರ್ಡಿನ ಅಲ್ಯೂಮಿನಿಯಂ ಎಸಳುಗಳ ನಡುವೆ ಕೂರುತ್ತದೆ. ಏರ್ ಕೂಲರ್‌ನ ಗಾಳಿಯನ್ನು ನೇರವಾಗಿ ಯಂತ್ರಕ್ಕೆ ತಿರುಗಿಸುವುದು ಇನ್ನೂ ಕೆಟ್ಟದ್ದು. ಗಡಸು ನೀರಿನ ಸಣ್ಣ ಹನಿಗಳು ಗಾಳಿಯೊಡನೆ ಬಂದು, ಆರಿ, ಬಿಳಿ ಉಪ್ಪಿನ ಪದರ ಬಿಡುತ್ತವೆ. ಕೂಲರ್ ಮನುಷ್ಯರ ಕಡೆಗಿರಲಿ, ಕಿಟಕಿ ಸ್ವಲ್ಪ ತೆರೆದಿರಲಿ. ಕಡಿಮೆ ವಾಟ್‌ನ ಕಾರ್ಡಿಗೆ ಫ್ಯಾನ್ ನಿಧಾನವಾಗಿ ತಿರುಗಿದರೂ ಸಾಕು, ಹಾಗಾಗಿ ಅದು ಎಳೆದುಕೊಳ್ಳುವ ದೂಳೂ ಕಡಿಮೆ.

ಇನ್ನು ಬಿಲ್ಲಿನ ವಿಷಯ. ಇಲ್ಲಿ ಉತ್ಪ್ರೇಕ್ಷೆ ಬೇಡ. ಕಾರ್ಡಿನಲ್ಲಿ 50 ವಾಟ್ ಉಳಿದರೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ನಷ್ಟ ಸೇರಿ ಗೋಡೆಯಲ್ಲಿ ಸುಮಾರು 60 ವಾಟ್ ಉಳಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಆಡುವವರಿಗೆ ತಿಂಗಳಿಗೆ ಏಳು ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಎಂದರೂ ನಲವತ್ತು ರೂಪಾಯಿ ಚಿಲ್ಲರೆ. ಇಷ್ಟಕ್ಕಾಗಿ ಯಾರೂ ಕರ್ವ್ ಎಳೆಯುತ್ತ ಕೂರುವುದಿಲ್ಲ. ಆದರೆ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಈ ಏಳು ಯೂನಿಟ್‌ನ ಬೆಲೆಯನ್ನು ಬದಲಿಸಿದೆ. ಮನೆಯ ಹಳೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಗದಿಯಾದಷ್ಟು ಯೂನಿಟ್ ಉಚಿತ, ಅದನ್ನು ಮೀರಿದ್ದಕ್ಕೆ ಹಣ; ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು. ಮೇ ತಿಂಗಳಲ್ಲಿ 170 ವಾಟ್‌ನ ಕೂಲರ್ ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ಅದೊಂದೇ ಅರವತ್ತು ಯೂನಿಟ್ ತಿನ್ನುತ್ತದೆ. 196ಕ್ಕೆ ನಿಲ್ಲಬೇಕಾದ ಮೀಟರ್ 203 ತೋರಿಸಿದ ತಿಂಗಳು, ಆ ಏಳು ಯೂನಿಟ್‌ಗೆ ಸಾವಿರ ರೂಪಾಯಿಗೂ ಮೇಲೆ ತೆರಬೇಕಾದೀತು. ಎಲ್ಲ ಮನೆಗಳೂ ಈ ಅಂಚಿನಲ್ಲಿಲ್ಲ, ಇರುವವರಿಗೆ ಮಾತ್ರ ಬೇಸಿಗೆಯಲ್ಲಿ ಮೀಟರ್ ಓದುವ ಅಭ್ಯಾಸ ತಾನಾಗಿ ಬಂದಿರುತ್ತದೆ. ಶಕ್ತಿನಗರದ 1,720, ಯರಮರಸ್‌ನ 1,600, ಕುಡತಿನಿಯ 1,700 ಮೆಗಾವಾಟ್ ಸ್ಥಾವರಗಳನ್ನು ಮಗ್ಗುಲಲ್ಲಿಟ್ಟುಕೊಂಡು ಏಳು ಯೂನಿಟ್ ಎಣಿಸುವುದು ವಿಚಿತ್ರವೇ. ಕಲ್ಲಿದ್ದಲು ಸುಟ್ಟ ಬೂದಿ ಇಲ್ಲಿಯದಾದರೂ ದರ ಇಡೀ ರಾಜ್ಯದ್ದು.

ಬಿಲ್ಲಿಗಿಂತ ಬೇಗ ಲಾಭ ಕಾಣುವುದು ಯುಪಿಎಸ್‌ನಲ್ಲಿ. ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ 600 ವಿಎ ಯುಪಿಎಸ್ ನಿಜವಾಗಿ ಹೊರಬಲ್ಲದ್ದು 360 ವಾಟ್. 170 ವಾಟ್‌ನ ಕಾರ್ಡ್, 80 ವಾಟ್‌ನ ಪ್ರೊಸೆಸರ್, ಉಳಿದದ್ದಕ್ಕೆ 40. ಎಸ್‌ಎಂಪಿಎಸ್ ಶೇ 85ರಷ್ಟು ದಕ್ಷವೆಂದರೆ ಇದು 340 ವಾಟ್, ಮಾನಿಟರ್ ಸೇರಿ 365. ಕರೆಂಟ್ ಹೋದೊಡನೆ ಯುಪಿಎಸ್ ಒಮ್ಮೆ ಕಿರುಚಿ ಯಂತ್ರವನ್ನೂ ಮಲಗಿಸುತ್ತದೆ, ಬ್ಯಾಟರಿ ಹಳತಾಯಿತೆಂದು ಬೈದು ಹೊಸದು ಹಾಕಿಸುತ್ತಾರೆ. ಕಾರ್ಡ್ 120 ವಾಟ್‌ನಲ್ಲಿದ್ದರೆ ಅದೇ ಯಂತ್ರ 310ರ ಆಸುಪಾಸಿನಲ್ಲಿ ನಿಂತು, ಆಟ ಉಳಿಸಿ ಯಂತ್ರ ಆರಿಸಲು ಬೇಕಾದ ಎರಡು ನಿಮಿಷ ಸಿಗುತ್ತದೆ.

ಗೇಮಿಂಗ್ ಸೆಂಟರ್ ನಡೆಸುವವರಿಗೆ ಇದು ಶುದ್ಧ ವ್ಯಾಪಾರದ ಲೆಕ್ಕ. ಹತ್ತು ಯಂತ್ರಗಳು 360 ವಾಟ್‌ನಂತೆ ಎಳೆದರೆ ಅಂಗಡಿಯೊಳಗೆ 3.6 ಕಿಲೋವಾಟ್ ಶಾಖ. ಒಂದು ಟನ್ ಎಸಿಯ ಪೂರ್ತಿ ಸಾಮರ್ಥ್ಯ 3.5 ಕಿಲೋವಾಟ್. ಅಂದರೆ ಮೊದಲ ಎಸಿ ಯಂತ್ರಗಳ ಶಾಖಕ್ಕೇ ಮುಗಿಯಿತು, ಆಡುವ ಹತ್ತು ಜನರಿಗೂ ತಾರಸಿಯ ಕಾವಿಗೂ ಎರಡನೆಯದು ಬೇಕು. ಯಂತ್ರವೊಂದಕ್ಕೆ 250ಕ್ಕೆ ತಂದರೆ 1.1 ಕಿಲೋವಾಟ್ ಶಾಖ ತಗ್ಗುತ್ತದೆ, ಅದನ್ನು ಹೊರದಬ್ಬಲು ಎಸಿ ಬಳಸುತ್ತಿದ್ದ ಮುನ್ನೂರು ವಾಟ್ ಕೂಡ ಉಳಿಯುತ್ತದೆ. ಹತ್ತೂ ಮಾನಿಟರ್‌ಗಳು 75 ಹರ್ಟ್ಸ್‌ನವಾಗಿದ್ದರೆ ಫ್ರೇಮ್ ಮಿತಿ ಹಾಕುವುದಕ್ಕೆ ಗಿರಾಕಿಗಳ ಒಪ್ಪಿಗೆ ಕೇಳುವ ಅಗತ್ಯವೂ ಬೀಳುವುದಿಲ್ಲ.